ಕತ್ತರಿಯಜ್ಜನ ರಬ್ಬರ್ ಹುಳ

ಆ ಬೆಳಿಗ್ಗೆ ಗಾಳಿ ಅನ್ನುವುದು ಎಲೆಯ ತುದಿಯಲ್ಲೂ ಇರಲಿಲ್ಲ. ಆಕಾಶ ತೊಳೆದು ಬೋರಲು ಹಾಕಿದ ಅಲ್ಯೂಮಿನಿಯಂ ಪಾತ್ರೆಯಂತೆ ಮಂಕಾಗಿ, ತಗ್ಗಾಗಿ ಊರ ಮೇಲೆ ಕೂತಿತ್ತು. ಮಳೆ ಬರುವ ಲಕ್ಷಣವಿಲ್ಲ, ಬಿಸಿಲು ಏಳುವ ಲಕ್ಷಣವೂ ಇಲ್ಲ. ಇಂಥ ದಿನವನ್ನು ಬೇರೆಯವರು ಸೋಮಾರಿ ದಿನ ಅನ್ನುತ್ತಾರೆ. ಗಾಳ ಹಾಕುವವರು ಮಾತ್ರ, ದೇವರು ತಮಗೆಂದೇ ಎತ್ತಿಟ್ಟ ದಿನ ಅನ್ನುತ್ತಾರೆ. ಬಿಸಿಲಿಗೆ ನಾಚುವ ಬಾಸ್ ಮೀನು ಇಂಥ ಮಬ್ಬಿನಲ್ಲಿ ಧೈರ್ಯ ಮಾಡಿ ಜೊಂಡಿನ ಅಡಿಯಿಂದ ಹೊರಬರುತ್ತದೆ. ಬಾಯಿ ದೊಡ್ಡದು, ಹಟ ಅದಕ್ಕಿಂತ ದೊಡ್ಡದು, ಆ ಮೀನಿಗೆ.

ಕತ್ತರಿಯಜ್ಜ ಕಿಟಕಿಯಿಂದ ಆಕಾಶ ನೋಡಿ, "ಸರಿ, ಒಪ್ಪಿಗೆ ಸಿಕ್ಕಿತು" ಅಂದುಕೊಂಡ.

ಐವತ್ತು ವರ್ಷ ಊರಿನ ತಲೆಗಳನ್ನು ಕತ್ತರಿಸಿ, ಗದ್ದಗಳನ್ನು ಬೋಳಿಸಿ ಬಂದವನು. ಆ ಹೆಸರು ಬಿಟ್ಟರೆ ಬೇರೆ ಹೆಸರು ಯಾರ ಬಾಯಿಗೂ ಬರುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಬಲಗೈ ನಡುಗಲು ಶುರುವಾಯಿತು. ಮೊದಲು ಚಹಾ ಲೋಟ ತುಳುಕಿತು, ಆಮೇಲೆ ಬಾಚಣಿಗೆ ಜಾರಿತು. ಒಂದು ದಿನ ಶಾಲೆಯ ಮುಖ್ಯೋಪಾಧ್ಯಾಯರು ಕುರ್ಚಿಯಲ್ಲಿ ಕೂತು, ಕ್ಷೌರದ ಕತ್ತಿ ಹತ್ತಿರ ಬರುವುದನ್ನು ಕನ್ನಡಿಯಲ್ಲಿ ನೋಡಿ, "ಅಜ್ಜ, ಇವತ್ತು ಗಡ್ಡ ಬೇಡ, ಮನಸ್ಸು ಬದಲಾಯ್ತು" ಎಂದು ಮುಖದ ನೊರೆಯ ಸಮೇತ ಎದ್ದುಹೋದರು. ಅಜ್ಜನೂ ನಕ್ಕ. ಮರುದಿನ ಅಂಗಡಿಯ ಬೀಗದ ಕೈಯನ್ನು ಮಗಳಿಗೆ ಕೊಟ್ಟ. ಅದಕ್ಕೆ ದುಃಖವೇನೂ ಪಡಲಿಲ್ಲ. ಮಗಳ ಕೈ ತನ್ನ ಕೈಗಿಂತ ಹಗುರ ಅಂತ ಅವನಿಗೆ ಮೊದಲೇ ಗೊತ್ತಿತ್ತು.

ಆದರೆ ಗಾಳದ ಕೋಲು ಬೇರೆ ಮಾತು.

ಬಸ್ಸು ಓಡಿಸುವ ಅಳಿಯ ಮದುವೆಯಾಗಿ ಬಂದ ಹೊಸತರಲ್ಲಿ ಮಾವನ ಎದುರು ಬಾಯಿ ಬಿಡುತ್ತಿರಲಿಲ್ಲ. ಕೆರೆಗೆ ಕರೆದುಕೊಂಡು ಹೋದ ಮೇಲೆ ಮಾತು ಬಂತು. ಹದಿನಾಲ್ಕು ವರ್ಷದಿಂದ ಅವನಿಗೆ ರಜಾ ಸಿಕ್ಕ ದಿನವೆಲ್ಲ ಇಬ್ಬರೂ ಒಂದೇ ದೋಣಿಯಲ್ಲಿ. ಕೈ ನಡುಗಲು ಶುರುವಾದ ಮೇಲೆ ಅಳಿಯ ತಾನೇ ಎಸೆದು ಕೋಲನ್ನು ಮಾವನ ಕೈಗೆ ಕೊಡುತ್ತಿದ್ದ. ಮೀನು ಕಚ್ಚಿದರೆ ನೆಗೆದು ಬಂದು ತಾನೂ ಹಿಡಿದುಕೊಳ್ಳುತ್ತಿದ್ದ. ಅಜ್ಜ ಅದನ್ನೂ ಸಹಿಸಿಕೊಂಡಿದ್ದ.

ಸಹಿಸಲಾಗದ್ದು ಹಿಂದಿನ ಸಲ ನಡೆಯಿತು. ಅಜ್ಜ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತಿದ್ದಾಗ ಅಳಿಯ, "ಮಾವ, ನಿಮ್ಮ ಕೋಲು! ಹಿಡೀರಿ ಹಿಡೀರಿ!" ಎಂದು ಕೂಗಿ ಬಗ್ಗಿದ ಕೋಲೊಂದನ್ನು ಕೈಗೆ ತುರುಕಿದ. ಮೊಳದುದ್ದದ ಮೀನು. ಅಜ್ಜ ಅದನ್ನು ಮುದ್ದು ಮಾಡಿ ನೀರಿಗೆ ಬಿಟ್ಟು, ಊರಿಗೆ ಬಂದು, ಅಂಗಡಿಯ ಮೂರೂ ಕುರ್ಚಿಗಳಲ್ಲಿ ಕೂತವರಿಗೆ ಆ ಕಥೆ ಹೇಳಿದ. ಹೇಳಿದಷ್ಟೂ ಮೀನು ಬೆಳೆಯಿತು. ಮಾರನೆಯ ದಿನ ಕೋಲು ಒರೆಸಲು ಕೂತಾಗ ಕೊಕ್ಕೆಗೆ ನೂಲು ಕಟ್ಟಿದ ಗಂಟು ಕಣ್ಣಿಗೆ ಬಿತ್ತು. ಅಜ್ಜ ಗಂಟು ಹಾಕಿದರೆ ಉಳಿದ ತುದಿಯನ್ನು ಬುಡಕ್ಕೆ ಕತ್ತರಿಸುವವನು; ಕತ್ತಿನ ಹಿಂದೆ ಒಂದು ಕೂದಲು ಉಳಿದರೂ ನಿದ್ದೆ ಬಾರದ ಕೈ ಅದು. ಈ ಗಂಟಿಗೆ ಅರ್ಧ ಬೆರಳಿನಷ್ಟು ಬಾಲವಿತ್ತು. ಬಿಚ್ಚಿಹೋದೀತೆಂಬ ಭಯಕ್ಕೆ ಬಾಲ ಬಿಡುವವನು ಅಳಿಯ. ಇಬ್ಬರ ಕೋಲೂ ಒಂದೇ ಜೋಡಿಯವು. ಮೀನು ಕಚ್ಚಿದ್ದು ಅಳಿಯನ ಗಾಳವನ್ನು. ಅವನು ಮೀನನ್ನು ದಾನ ಮಾಡಿದ್ದ.

ಅಜ್ಜ ಹೆಂಡತಿಗೆ ಮಾತ್ರ ಹೇಳಿದ. "ನೋಡೇ, ಇವತ್ತು ಎಸೆಯೋದು ನಾನೇ, ಸಿಕ್ಕಿಸೋದು ನಾನೇ, ಎಳೆಯೋದೂ ನಾನೇ. ಒಂದೇ ಒಂದು ಮೀನು. ಅದೂ ಆಗಲಿಲ್ಲ ಅಂದ್ರೆ ಕೋಲು, ಪೆಟ್ಟಿಗೆ ಎಲ್ಲಾ ಅಳಿಯನಿಗೆ ಕೊಟ್ಬಿಡ್ತೀನಿ. ಇನ್ನು ಆ ಕೆರೆ ಕಡೆ ತಲೆ ಹಾಕಲ್ಲ."

"ಕೆರೆ ಕಡೆ ತಲೆ ಹಾಕದೆ ಮನೇಲಿ ಕೂತು ನನ್ನ ತಲೆ ತಿಂತೀರಾ?" ಎಂದಳು ಅಜ್ಜಿ. "ದೇವರೇ, ಯಾವುದಾದ್ರೂ ಒಂದು ಪೆದ್ದು ಮೀನಿಗೆ ಬುದ್ಧಿ ಕೊಡಪ್ಪ." ಹಾಗೆಂದವಳು ಒಳಗೆ ಹೋಗಿ ಕಣ್ಣು ಮುಚ್ಚಿ ನಿಜವಾಗಿಯೂ ಕೈ ಮುಗಿದಳು.

ಕೆರೆಗೆ ಹೋಗುವ ರಸ್ತೆಯಲ್ಲೇ ಗಾಳದ ಸಾಮಾನಿನ ಅಂಗಡಿ. ಅಳಿಯ ಹೊರಗೆ ಗಾಡಿಯ ಚಕ್ರಕ್ಕೆ ಗಾಳಿ ನೋಡುತ್ತ ನಿಂತ. ಅಜ್ಜ ಒಬ್ಬನೇ ಒಳಗೆ ಹೋದ. ಅಂಗಡಿಯಾಕೆ ಐವತ್ತರ ಹೆಂಗಸು. ಕನ್ನಡಕವನ್ನು ಗಾಳದ ನೂಲಿನಲ್ಲೇ ಕೊರಳಿಗೆ ಕಟ್ಟಿಕೊಂಡಿದ್ದಳು. ಅವಳ ಅಪ್ಪನ ಕೊನೆಯ ಕ್ಷೌರ ಮಾಡಿದ್ದು ಕತ್ತರಿಯಜ್ಜನೇ.

ಅಂಗಡಿಯ ಗೋಡೆ ತುಂಬ ಹುಸಿ ಎರೆಗಳು. ಹೊಟ್ಟೆಯಡಿ ಎರಡು ಕೊಕ್ಕೆ ನೇತುಹಾಕಿಕೊಂಡ ಮರದ ಮೀನುಗಳು, ನೀರಿನಲ್ಲಿ ಗಿರ್ರನೆ ತಿರುಗುವ ತಗಡಿನ ಬಿಲ್ಲೆಗಳು, ಜೊಂಡಿನ ಮೇಲೆ ಕುಪ್ಪಳಿಸುವ ರಬ್ಬರ್ ಕಪ್ಪೆಗಳು. ಬೆಳಕಿಗೆ ಮಿರಮಿರ ಮಿಂಚುವ ಬಣ್ಣ ಎಲ್ಲಕ್ಕೂ. "ಅರ್ಧ ಬಣ್ಣ ಮೀನಿಗೆ, ಇನ್ನರ್ಧ ನಿಮ್ಮಂಥ ಗಂಡಸರಿಗೆ" ಎಂದು ಆಕೆ ಯಾವಾಗಲೂ ಹೇಳುತ್ತಿದ್ದಳು.

ಅಜ್ಜ ಸೀದಾ ಹೋಗಿ ಭಾರದ ಸಾಮಾನಿನ ಕಡೆ ನಿಂತ. ಬೆರಳು ದಪ್ಪದ ಬಿಗಿ ಕೋಲು, ಎತ್ತು ಕಟ್ಟಿದರೂ ಹರಿಯದಂಥ ಹೆಣೆದ ನೂಲು, ಅಂಗೈ ತುಂಬುವ ಮರದ ಮೀನು. ಭಾರ ಹೆಚ್ಚಿದಷ್ಟೂ ನಡುಕ ಅದರ ಕೆಳಗೆ ಹೂತುಹೋಗುತ್ತದೆ ಎಂಬುದು ಅವನ ಲೆಕ್ಕ. ಮರದ ಮೀನನ್ನು ಕೈಗೆತ್ತಿಕೊಂಡ. ಅದರ ಕೊಕ್ಕೆಗಳು ಗೆಜ್ಜೆಯ ಹಾಗೆ ಕಿಣಿಕಿಣಿ ಅಂದವು.

"ಅಜ್ಜ, ಅದು ಕೆಳಗಿಡಿ" ಎಂದಳು ಅಂಗಡಿಯಾಕೆ. "ನೀವು ಏನು ಮೀನು ಹಿಡೀತೀರಾ, ಮೊಸಳೆ ಹಿಡೀತೀರಾ?"

"ಕೈಗೆ ಹಿಡಿತ ಬೇಕು ತಾಯಿ."

"ಬಿಗಿ ಹಿಡಿದಷ್ಟೂ ಜಾಸ್ತಿ ನಡುಗುತ್ತೆ. ಕ್ಷೌರದ ಕತ್ತಿ ಹಿಡಿದವರಿಗೆ ನಾನು ಹೇಳಿಕೊಡಬೇಕಾ?" ಎಂದು ಒಂದು ಸಣ್ಣ ಪೊಟ್ಟಣ ಮುಂದಿಟ್ಟಳು. ಒಳಗೆ ಬೆರಳುದ್ದದ ರಬ್ಬರ್ ಹುಳಗಳು, ಕಪ್ಪು ಕಂದು ಬಣ್ಣ, ಜೊತೆಗೆ ಬಟಾಣಿಯಷ್ಟು ಸೀಸದ ತಲೆಯಿರುವ ಕೊಕ್ಕೆಗಳು. ಗೋಡೆಯ ಮೇಲಿನ ಅಷ್ಟು ಸಿಂಗಾರದ ನಡುವೆ ಅವು ಬಡವರ ಮನೆಯ ಹೆಣ್ಣಿನಂತೆ ಸುಮ್ಮನಿದ್ದವು. "ಇದನ್ನ ಎಸೆದು ತಳಕ್ಕೆ ಬಿಡಬೇಕು. ಎಳೀಬಾರದು. ತಲೆ ನೆಲಕ್ಕೆ ಊರಿ, ಬಾಲ ಎತ್ತಿ, ಅದು ಅಲ್ಲೇ ಸಣ್ಣಗೆ ನಡುಗ್ತಾ ಇರಬೇಕು. ಹುಡುಗರು ಕೊಂಡೊಯ್ತಾರೆ, ವಾರಕ್ಕೆ ವಾಪಸ್ ತಂದು 'ಮೀನು ಮೂಸೂ ನೋಡಲ್ಲ' ಅಂತಾರೆ. ಬೇಕೂಂತ ನಡುಗಿಸಿದ್ರೆ ಐದು ನಿಮಿಷಕ್ಕೆ ಮಣಿಕಟ್ಟು ಸೋತುಹೋಗುತ್ತೆ ನೋಡಿ. ನಿಮ್ಮದು ಸೋಲಲ್ಲ."

ಅಜ್ಜನ ಮುಖ ಬಿಗಿಯಿತು. "ನನ್ನ ಕಾಯಿಲೆನೂ ಮಾರಾಟಕ್ಕೆ ಇಟ್ಟೆಯಾ ಮಗಳೇ?"

"ಇಲ್ಲ. ಕೊಳ್ಳೋರು ಯಾರಿದಾರೆ? ನಿಮ್ಮ ಹತ್ರ ಪುಕ್ಕಟೆ ಇದೆ, ಬಳಸಿಕೊಳ್ಳಿ ಅಂದೆ."

ಅಜ್ಜ ಬಿಗಿ ಕೋಲನ್ನೂ ಮರದ ಮೀನನ್ನೂ ಕೊಂಡ. ಹಟಕ್ಕೆ ಕೊಂಡ. ಅಂಗಡಿಯಾಕೆ ರಬ್ಬರ್ ಹುಳದ ಪೊಟ್ಟಣವನ್ನು ಅವನ ಅಂಗಿಯ ಜೇಬಿಗೆ ಇಳಿಬಿಟ್ಟಳು.

ಕೆರೆ ಕನ್ನಡಿಯಂತಿತ್ತು. ಅಳಿಯ ಹುಟ್ಟು ಹಾಕಿ ದೋಣಿಯನ್ನು ಜೊಂಡಿನ ಅಂಚಿಗೆ ತಂದು ನಿಲ್ಲಿಸಿದ. ಅಜ್ಜ ಹೊಸ ಕೋಲೆತ್ತಿ, ಮನಸ್ಸಿನಲ್ಲೇ ಮೇಲಿನವನನ್ನು ನೆನೆದು, ಬೀಸಿದ. ಆ ಕೋಲಿನಲ್ಲಿ ನೂಲು ಬಿಚ್ಚಿಕೊಳ್ಳುವಾಗ ಅದನ್ನು ಸುತ್ತಿದ ರಾಟೆಗೆ ಹೆಬ್ಬೆರಳು ಮೆತ್ತಗೆ ತಾಗಿರಬೇಕು. ಹೆಬ್ಬೆರಳು ಕುಣಿಯಿತು, ರಾಟೆ ಹುಚ್ಚೆದ್ದು ತಿರುಗಿತು, ನೂಲು ಹಕ್ಕಿಗೂಡಿನ ಹಾಗೆ ಗೋಜಲಾಗಿ ನಿಂತಿತು. ಮರದ ಮೀನು ದೋಣಿಯಿಂದ ಎರಡು ಮಾರು ದೂರದಲ್ಲಿ ದೊಪ್ಪನೆ ಬಿತ್ತು. ಆ ಸದ್ದಿಗೆ ಕೆರೆಯ ಆಚೆ ದಡದ ಕೊಕ್ಕರೆ ಕೂಡ ಹಾರಿಹೋಯಿತು.

ಎರಡನೆಯ ಸಲ ಜೊಂಡಿಗೆ ಸಿಕ್ಕಿತು. ಮೂರನೆಯ ಸಲ ಅಳಿಯನ ಟೋಪಿಗೆ.

ಅಳಿಯ ಟೋಪಿಯಿಂದ ಕೊಕ್ಕೆ ಬಿಡಿಸುತ್ತ, "ಸ್ವಲ್ಪ ಕೆಳಗೆ ಬಂದಿದ್ರೆ ನನಗೂ ಕ್ಷೌರ ಆಗ್ತಿತ್ತು" ಎಂದ. ಆಮೇಲೆ ಕೈ ಚಾಚಿದ. "ಕೊಡಿ ಮಾವ, ನಾನು ಎಸೆದು ಕೊಡ್ತೀನಿ."

"ಬೇಡ."

"ಒಂದು ಸಲ, ಅಷ್ಟೇ."

"ಬೇಡ ಅಂದೆನಲ್ಲ!" ಅಜ್ಜನ ದನಿ ನೀರಿನ ಮೇಲೆ ದೂರ ಹೋಯಿತು. ತಗ್ಗಿಸಿಕೊಂಡು ಹೇಳಿದ: "ಹೋದ ಸಲದ ಮೀನು ಯಾರದು ಅಂತ ನನಗೆ ಗೊತ್ತು. ಗಂಟು ನೋಡಿದೆ. ನನ್ನ ಗಂಟಿಗೆ ಬಾಲ ಇರಲ್ಲ."

ಅಳಿಯ ತಲೆ ತಗ್ಗಿಸಿದ. ದೊಡ್ಡ ಬಸ್ಸು ಓಡಿಸುವ ಮನುಷ್ಯ, ಶಾಲೆಯಲ್ಲಿ ಸಿಕ್ಕಿಬಿದ್ದ ಮಗುವಿನ ಹಾಗೆ ದೋಣಿಯ ಹಲಗೆಯನ್ನು ಉಗುರಿನಿಂದ ಕೆರೆಯತೊಡಗಿದ. "ಮೀನು ಸಿಗದೇ ಹೋದ್ರೆ ನೀವು ಬರೋದೇ ಬಿಟ್ಬಿಡ್ತೀರಿ ಅನ್ನಿಸ್ತು ಮಾವ. ನನಗೆ ಅಪ್ಪ ಇಲ್ಲ. ಬಸ್ಸಿನಲ್ಲಿ ದಿನಾ ಇನ್ನೂರು ಜನ ನನ್ನ ಬೆನ್ನು ನೋಡ್ತಾರೆ, ಒಬ್ಬರೂ ಮಾತಾಡಿಸಲ್ಲ. ಇಲ್ಲಿ..." ಎಂದು ಕೈಯಿಂದ ದೋಣಿಯನ್ನು, ನೀರನ್ನು, ಮಾವನನ್ನು ಸೇರಿಸಿ ತೋರಿಸಿದ.

ಅಜ್ಜನ ಕೋಪ ಕರಗಿತು. ಪ್ರೀತಿ ಒಮ್ಮೊಮ್ಮೆ ದಾರಿ ತಪ್ಪಿ ಬರುತ್ತದೆ. ಬಂದದ್ದೇನೋ ಮನೆಗೇ ತಾನೇ, ಬಾಗಿಲು ಹಾಕುವುದು ಹೇಗೆ? ಆದರೂ ಹೇಳಬೇಕಾದ್ದು ಹೇಳಿದ. "ನೀನು ಕೊಟ್ಟ ಮೀನನ್ನ ಊರೆಲ್ಲ ನನ್ನದೂಂತ ಹೇಳ್ಕೊಂಡು ಬಂದೆ ಕಣೋ. ಸುಳ್ಳುಗಾರನ್ನ ಮಾಡಿದೆ ನನ್ನ. ಇವತ್ತು ನನ್ನಷ್ಟಕ್ಕೆ ನನ್ನ ಬಿಡು. ಸಿಕ್ಕಿದ್ರೆ ಸಿಕ್ತು. ಸಿಗಲಿಲ್ಲ ಅಂದ್ರೆ ಈ ಪೆಟ್ಟಿಗೆ ನಿನ್ನದು, ನಾನು ಮನೇಲಿ ಕೂರ್ತೀನಿ."

"ಹಾಗನ್ನಬೇಡಿ."

"ಅಂದಾಯ್ತು."

ಅಜ್ಜ ಬಿಗಿ ಕೋಲನ್ನು ಕೆಳಗಿಟ್ಟ. ಜೇಬಿಗೆ ಕೈ ಹೋಯಿತು, ಪೊಟ್ಟಣ ಸಿಕ್ಕಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಲವನ್ನು ಬೈದದ್ದು ಸಾಕು ಅನ್ನಿಸಿತೋ ಏನೋ. ತನ್ನ ಹಳೆಯ ತೆಳು ಕೋಲು ತೆಗೆದು, ಸೀಸದ ತಲೆಯ ಕೊಕ್ಕೆಗೆ ನೂಲು ಪೋಣಿಸಲು ಕೂತ. ನೂಲಿನ ತುದಿ ಕೊಕ್ಕೆಯ ಕಣ್ಣಿನ ಸುತ್ತ ಸುಳಿದಾಡಿತು, ಒಳಗೆ ಹೋಗಲೊಲ್ಲದು. ಅಳಿಯ ಹಿಂದಕ್ಕೆ ತಿರುಗಿ ಆಚೆ ದಡ ನೋಡುತ್ತ ಕೂತ. ಕಾಲು ಗಂಟೆ ಹಿಡಿಯಿತು. ಅಜ್ಜ ಗಂಟನ್ನು ಎಂಜಲಿನಲ್ಲಿ ಒದ್ದೆ ಮಾಡಿ ಬಿಗಿದು, ತುದಿಯನ್ನು ಬುಡಕ್ಕೆ ಕತ್ತರಿಸಿದ.

ಹಗುರ ಕೋಲಿಗೆ ಬಲ ಬೇಕಿರಲಿಲ್ಲ. ಕೆಳಗಿನಿಂದ ತೂಗಿ ಬಿಟ್ಟ. ಹುಳ ಜೊಂಡಿನ ಅಂಚಿಗೆ, ನೀರು ಕಪ್ಪಾಗುವ ಕಡೆ, ಚಿಳ್ ಎಂದು ಇಳಿಯಿತು. ಮುಳುಗಿತು. ನೂಲು ಸಡಿಲಾಯಿತು, ತಳ ಮುಟ್ಟಿತು. ಅಜ್ಜ ಸಡಿಲ ಸುತ್ತಿಕೊಂಡು ಸುಮ್ಮನೆ ಹಿಡಿದು ಕೂತ.

ಕೋಲಿನ ತುದಿ ನಡುಗುತ್ತಿತ್ತು. ನೂಲು ನೀರನ್ನು ಸೇರುವಲ್ಲಿ ಅಕ್ಕಿ ಕಾಳಿನಷ್ಟು ಸಣ್ಣ ಅಲೆಗಳು ಎದ್ದು ಉಂಗುರವಾಗಿ ಹರಡುತ್ತಿದ್ದವು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಅಜ್ಜ ತನ್ನ ಕೈಯನ್ನು ತಡೆಯಲಿಲ್ಲ. ನಡುಗು ಮಾರಾಯ ಅಂದ. ಎಷ್ಟು ನಡುಗುತ್ತೀಯೋ ನಡುಗು. ಕೊಟ್ಟವನಿಗೆ ಏನೋ ಲೆಕ್ಕ ಇದ್ದೀತು.

ಒಂದು ಸಲ ಏನೋ ತಟ್ಟಿದಂತಾಯಿತು. ಆತುರಪಟ್ಟು ಎಳೆದ. ಬರೀ ಹುಳ ಬಂತು, ಬಾಲ ಕಚ್ಚಿಸಿಕೊಂಡು. ಅಳಿಯ ಉಸಿರು ಬಿಗಿ ಹಿಡಿದದ್ದು ಕೇಳಿಸಿತು. ಆದರೂ ಅವನು ಇತ್ತ ತಿರುಗಲಿಲ್ಲ. ಅಜ್ಜ ಹೊಸ ಹುಳ ಏರಿಸಿ ಮತ್ತೆ ಬಿಟ್ಟ. ಹೊತ್ತು ಏರಿತು. ಚಹಾ ಆರಿತು. ಮೀನಿನ ಹೆಜ್ಜೆ ಕಂಡವರು ಯಾರು? ಇಬ್ಬರೂ ಒಂದೇ ನೀರನ್ನು ಬೇರೆ ಬೇರೆ ಕಡೆ ನೋಡುತ್ತ ಕೂತರು.

ಆಮೇಲೆ ನೂಲು ಅಡ್ಡಕ್ಕೆ ಸರಿಯಿತು. ತಟ್ಟಲಿಲ್ಲ, ಜಗ್ಗಲಿಲ್ಲ; ಯಾರೋ ಬಟ್ಟೆಯ ಅಂಚು ಹಿಡಿದು ನಡೆದಂತೆ ಮೆಲ್ಲಗೆ ಎಡಕ್ಕೆ ಹೋಯಿತು. ಅಜ್ಜ ಈ ಸಲ ಕಾದ. ಒಂದು, ಎರಡು, ಮೂರು ಎಣಿಸಿ ಕೋಲೆತ್ತಿದ. ಕೊಕ್ಕೆ ಕೂತಿತು. ಕೋಲು ಹಿಡಿಯ ತನಕ ಬಗ್ಗಿತು, ರಾಟೆ ಕಿರ್ರೆಂದು ಕೂಗಿತು, ಹತ್ತು ಮಾರು ಆಚೆ ನೀರು ಒಡೆದು ಅಗಲ ಬಾಯಿಯ ಮೀನೊಂದು ಮೇಲೆ ನೆಗೆದು ತಲೆ ಕೊಡವಿತು.

"ಮಾವಾ!"

ದೋಣಿ ವಾಲಿತು. ಅಳಿಯ ಒಂದೇ ನೆಗೆತಕ್ಕೆ ಬಂದು ಕೋಲು ಕಸಿದುಕೊಂಡಿದ್ದ. ಎರಡು ವರ್ಷದಿಂದ ಬಂದ ಅಭ್ಯಾಸ. ಮನಸ್ಸಿಗಿಂತ ಮೊದಲು ಕೈ ಓಡಿತ್ತು. ಅಜ್ಜನ ಎರಡು ಕೈಗಳೂ ಕೋಲು ಇದ್ದ ಜಾಗದಲ್ಲೇ, ಏನನ್ನೂ ಹಿಡಿಯದೆ ನಡುಗುತ್ತಿದ್ದವು. ಅಜ್ಜ ಅಳಿಯನ ಮುಖವನ್ನು ನೋಡಿದ, ಅಷ್ಟೆ.

ಅಳಿಯ ಆ ಕೈಗಳನ್ನು ನೋಡಿದ. ಮೀನು ಜೊಂಡಿನ ಕಡೆ ಓಡುತ್ತಿತ್ತು. ಇನ್ನೆರಡು ಮಾರು ಹೋದರೆ ನೂಲನ್ನು ಕಾಂಡಗಳಿಗೆ ಸುತ್ತಿ ಹರಿದುಕೊಳ್ಳುತ್ತದೆ. ಅದನ್ನು ತಿರುಗಿಸಿಬಿಡುವುದು ಅವನಿಗೆ ಕಷ್ಟವಿರಲಿಲ್ಲ. ನೂಲು ಸಡಿಲವಾಗದಂತೆ ಕೋಲಿನ ತುದಿಯನ್ನು ಎತ್ತಿಯೇ ಹಿಡಿದು, ಅವನು ಮಾವನ ಮುಂದೆ ಹಲಗೆಯ ಮೇಲೆ ಮಂಡಿಯೂರಿದ. ಹಿಡಿಯನ್ನು ಮಾವನ ಅಂಗೈಗೆ ಇಟ್ಟ. ಆ ಬೆರಳುಗಳು ಒಂದೊಂದಾಗಿ ಮುಚ್ಚಿಕೊಳ್ಳುವ ತನಕ ಕಾದು, ತನ್ನ ಕೈ ಬಿಟ್ಟ. ಇನ್ನು ಬಂದರೂ ಹೋದರೂ ಅದು ಮಾವನ ಮೀನು.