ನೆನಪಿಲ್ಲಪ್ಪನ ದೂರು

ಪೊಲೀಸರ ಮೇಲೆ ಜನ ಕೊಡುವ ದೂರುಗಳನ್ನು ವಿಚಾರಿಸುವ ಆ ಕಚೇರಿಯಲ್ಲಿ ಪೊಲೀಸರು ಯಾರೂ ಇರಲಿಲ್ಲ. ಇದ್ದವರು ಮೂವರು ತನಿಖೆಗಾರರು, ಒಬ್ಬ ಮೇಲಧಿಕಾರಿ, ಜೊತೆಗೆ ವಾರಕ್ಕೆರಡು ದಿನ ಕೆಟ್ಟು ಕೂರುವ ಒಂದು ಜೆರಾಕ್ಸ್ ಯಂತ್ರ. ಮೂವರು ತನಿಖೆಗಾರರಲ್ಲಿ ಒಬ್ಬಳು ಹೆಂಗಸು, ಹಳಬಳೂ ಅವಳೇ. ಹನ್ನೊಂದು ವರ್ಷದ ಹಿಂದೆ ಕೋರ್ಟಿನ ಬೆರಳಚ್ಚು ಕೆಲಸ ಬಿಟ್ಟು ಇಲ್ಲಿಗೆ ಬಂದಾಗ ಏನೋ ಮಾಡಿಬಿಡುತ್ತೇನೆಂಬ ಹುರುಪಿತ್ತು. ಈಗ ಬೆಳಿಗ್ಗೆ ಮೆಟ್ಟಿಲು ಹತ್ತುವಾಗಲೇ ಸಾಕಪ್ಪಾ ಸಾಕು ಅನ್ನಿಸುತ್ತಿತ್ತು. ಹತ್ತು ದೂರಿನಲ್ಲಿ ಎಂಟರ ಕೊನೆಗೆ ಅವಳು ಬರೆಯುತ್ತಿದ್ದದ್ದು ಒಂದೇ ಮಾತು: 'ಸಾಬೀತಾಗಿಲ್ಲ'. ಮನೆಯಲ್ಲಿ ಗಂಡ, "ಅಡಿಗೆಗೆ ಉಪ್ಪು ಜಾಸ್ತಿ ಆಯ್ತೇನೇ?" ಎಂದು ಕೇಳಿ, ಅವಳು ಬಾಯಿ ತೆರೆಯುವ ಮೊದಲೇ "ಸಾಬೀತಾಗಿಲ್ಲ ಬಿಡು" ಎನ್ನುತ್ತಿದ್ದ. ಮೊದಮೊದಲು ಅವಳಿಗೂ ನಗು ಬರುತ್ತಿತ್ತು.

ಒಂದು ಸೋಮವಾರ ಅವಳ ಮೇಜಿನ ಮುಂದೆ ನೆನಪಿಲ್ಲಪ್ಪ ಬಂದು ಕೂತ.

ಅದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಈ ಕಚೇರಿಯವರು ಇಟ್ಟದ್ದು. ಮಾರುಕಟ್ಟೆ ಠಾಣೆಯಲ್ಲಿ ದಫೇದಾರನಾಗಿದ್ದು, ಅಲ್ಲಿ ದಿನಾ ನಡೆದದ್ದನ್ನು ದಿನಚರಿಗೆ ಬರೆಯುವ ಕೆಲಸ ನೋಡಿಕೊಂಡು ನಿವೃತ್ತನಾದವನು. ಕೆಲಸದಲ್ಲಿದ್ದಾಗ ಅವನ ಮೇಲೆ ಮೂರು ದೂರು ಬಂದಿದ್ದವು, ಮೂರನ್ನೂ ಅವಳೇ ವಿಚಾರಿಸಿದ್ದಳು. ಏನು ಕೇಳಿದರೂ, ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು, "ನೆನಪಿಲ್ಲ ಮೇಡಂ" ಎನ್ನುತ್ತಿದ್ದ. ಮೂರೂ ಸಾಬೀತಾಗಿರಲಿಲ್ಲ.

ಈಗ ಅವನ ಜೊತೆ ಮಗಳು ಬಂದಿದ್ದಳು. ಅವನು ಎಡಗಿವಿಗೆ ಹತ್ತಿ ತುರುಕಿಕೊಂಡಿದ್ದ.

"ಆ ಕಡೆ ಏನೂ ಕೇಳ್ಸಲ್ಲ, ಈ ಕಡೆ ಬಂದು ಮಾತಾಡಿ," ಎಂದಳು ಮಗಳು. "ನಮ್ಮನೆ ಮುಂದಿನಿಂದ ಸ್ಕೂಟರ್ ಕದ್ಕೊಂಡು ಹೋದ್ರು. ದೂರು ಕೊಡೋಣ ಅಂತ ಅಪ್ಪ ಸ್ಟೇಷನ್‌ಗೆ ಹೋದ್ರು. ಬೆಳಿಗ್ಗೆಯಿಂದ ಬೆಂಚ್ ಮೇಲೆ ಕೂರಿಸಿದಾರೆ. ನಾನೂ ಇಲ್ಲೇ ಕೆಲಸ ಮಾಡಿದೀನಪ್ಪಾ ಅಂದಿದ್ದಕ್ಕೆ ಹೊಸ ಇನ್‌ಸ್ಪೆಕ್ಟರ್ ಕೆನ್ನೆಗೆ ಬಾರಿಸಿಬಿಟ್ಟ. ಕಿವಿ ತಮಟೆ ಹರಿದುಹೋಗಿದೆ. ಡಾಕ್ಟರ್ ಚೀಟಿ ಇದೆ ನೋಡಿ."

ಅವಳು ಚೀಟಿ ನೋಡಿದಳು. ಒಳಗೊಳಗೇ 'ಬೇಕಿತ್ತು ನಿನಗೆ' ಅನ್ನಿಸಿದ್ದು ಸುಳ್ಳಲ್ಲ. ಹಾಗನ್ನಿಸಿದ್ದಕ್ಕೆ ಮರುಕ್ಷಣವೇ ತನ್ನ ಮೇಲೇ ಬೇಸರ ಬಂತು. ಬೇಕಾದರೆ ಫೈಲನ್ನು ಬೇರೆಯವರಿಗೆ ಕೊಡುತ್ತೇನೆ ಎಂದರು ಮೇಲಧಿಕಾರಿ. ಬೇಡ ಸಾರ್, ನಾನೇ ನೋಡುತ್ತೇನೆ ಎಂದಳು.

ಠಾಣೆಯಿಂದ ದಿನಚರಿಯ ಪ್ರತಿ ತರಿಸಿದಳು. ಅವಳು ಎಣಿಸಿದ್ದೇ ಅದರಲ್ಲಿತ್ತು: ದೂರುದಾರ ಮಧ್ಯಾಹ್ನ ಒಂದೂವರೆಗೆ ಕುಡಿದು ಬಂದ, ಕೌಂಟರಿಗೆ ತಲೆ ಬಡಿದುಕೊಂಡು ಬಿದ್ದ, ಬುದ್ಧಿ ಹೇಳಿ ಹತ್ತೇ ನಿಮಿಷದಲ್ಲಿ ಕಳಿಸಲಾಯಿತು. ಠಾಣೆಯ ಆರು ಜನ ಒಂದೇ ಬಾಯಲ್ಲಿ ಹಾಗೆಯೇ ಹೇಳಿದರು. ಅವತ್ತು ಬೆಂಚಿನಲ್ಲಿ ತನ್ನ ಪಕ್ಕದಲ್ಲಿದ್ದ ಎಂದು ನೆನಪಿಲ್ಲಪ್ಪ ಹೇಳಿದ್ದ ಹಣ್ಣಿನ ವ್ಯಾಪಾರಿ, ತಾನು ಆ ಕಡೆಗೇ ಹೋಗಿರಲಿಲ್ಲ ಎಂದ.

ಮುಂದಿನ ವಾರ ಅಪ್ಪ ಮಗಳನ್ನು ಕರೆಸಿ ಆ ಪ್ರತಿಯನ್ನು ಮುಂದಿಟ್ಟಳು. ಅವನು ಕನ್ನಡಕ ಹಾಕಿಕೊಂಡು ಓದಿದ. ಸಿಟ್ಟಾಗುತ್ತಾನೆ ಎಂದುಕೊಂಡಿದ್ದಳು, ಆದರೆ ಅವನು ಮೇಷ್ಟ್ರು ಕಾಪಿ ತಿದ್ದುವ ಹಾಗೆ ಸಾಲಿನ ಕೆಳಗೆ ಬೆರಳಿಟ್ಟು, "ಅಕ್ಷರ ಅಗಲ ಆಗಿದೆ. ಜಾಗ ತುಂಬಿಸಕ್ಕೆ ಕಷ್ಟಪಟ್ಟಿದಾನೆ," ಎಂದ.

"ಅಂದ್ರೆ?"

"ದಿನಚರಿ ನೋಡಿ ಏನೂ ಸಿಗಲ್ಲ ಮೇಡಂ. ಮಧ್ಯದಲ್ಲಿ ಅರ್ಧ ಪುಟ ಖಾಲಿ ಬಿಟ್ಟಿರ್ತೀವಿ, ಸಂಜೆ ಕೂತ್ಕೊಂಡು ತುಂಬ್ತೀವಿ. ನೀವು ಬಾಗಿಲು ಕಾಯೋನ ಪುಸ್ತಕ ಕೇಳಿ. ಯಾರು ಎಷ್ಟೊತ್ತಿಗೆ ಒಳಗೆ ಬಂದ್ರು, ಎಷ್ಟೊತ್ತಿಗೆ ಹೋದ್ರು, ಅಷ್ಟೇ ಅದರಲ್ಲಿರೋದು. ಅದನ್ನ ಯಾರೂ ಓದಲ್ಲ. ಓದಲ್ಲ ಅಂತಲೇ ಯಾರೂ ತಿದ್ದಲ್ಲ."

ಬಿಟ್ಟಿರ್ತೀವಿ, ತುಂಬ್ತೀವಿ. ಅವಳ ಪೆನ್ನು ಅಲ್ಲೇ ನಿಂತಿತು.

"ಬೀಗದ ಅಂಗಡಿಯವನ ಪುಟನೂ ಹೀಗೇ ತುಂಬಿದ್ರಾ?" ಎಂದು ಕೇಳಿದಳು.

ಮೂರು ದೂರುಗಳಲ್ಲಿ ಕೊನೆಯದು ಅದು. ಆರು ವರ್ಷದ ಹಿಂದಿನ ಮಾತು. ಬೀಗ ರಿಪೇರಿ ಮಾಡುವವನೊಬ್ಬನನ್ನು ಕಳ್ಳತನದ ಅನುಮಾನದ ಮೇಲೆ ಎಳೆದೊಯ್ದಿದ್ದರು. ಹೊರಬಂದಾಗ ಬಲಗೈಯ ಎರಡು ಬೆರಳು ಮುರಿದಿದ್ದವು. ಮೆಟ್ಟಿಲ ಮೇಲೆ ಜಾರಿಬಿದ್ದ ಎಂದು ದಿನಚರಿಯಲ್ಲಿತ್ತು.

"ನೆ..." ಎಂದವನು ಅಲ್ಲಿಗೇ ನಿಲ್ಲಿಸಿದ. ಮಗಳ ಕಡೆ ತಿರುಗಿ, "ನೀನು ಸ್ವಲ್ಪ ಹೊರಗೆ ಕೂತಿರು ಮಗಾ," ಎಂದ. ಮಗಳು ಹೋದ ಮೇಲೆ, "ಅದಕ್ಕೂ ಇದಕ್ಕೂ ಏನು ಸಂಬಂಧ?"

"ಖಾಲಿ ಬಿಡ್ತಾರೆ ಅಂತ ನಿಮಗೆ ಹೇಗೆ ಗೊತ್ತು ಅಂತ ನಾಳೆ ಇನ್‌ಸ್ಪೆಕ್ಟರ್ ಕಡೆಯವರು ಕೇಳ್ತಾರೆ. ಏನು ಹೇಳ್ತೀರಿ?" ಅವಳಿಗೆ ಅವನನ್ನು ಬಲೆಗೆ ಕೆಡಹುವ ಉಮೇದೇನೂ ಇರಲಿಲ್ಲ. ಇದ್ದದ್ದು ಹೇಳಿದಳು. "ಹೇಳದಿದ್ರೂ ನಾನು ಕಾವಲಿನ ಪುಸ್ತಕ ತರಿಸೇ ತರಿಸ್ತೀನಿ. ನಿಮ್ಮ ದೂರಿಗೆ ಅದರಿಂದ ತೊಂದರೆ ಇಲ್ಲ. ಯೋಚನೆ ಮಾಡಿ."

ಅವನು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು ಎದ್ದು ಹೋದ.

ಅವಳು ತಾನೇ ಠಾಣೆಗೆ ಹೋಗಿ, ಎರಡು ತಾಸು ನಿಂತು, ಪುಸ್ತಕ ಪಡೆದಳು. ಎಣ್ಣೆ ಕಲೆಯ ರಟ್ಟು, ದಾರ ಬಿಟ್ಟುಹೋದ ಬೆನ್ನು. ಅವತ್ತಿನ ಪುಟದಲ್ಲಿ ನಿವೃತ್ತ ದಫೇದಾರ ಒಳಗೆ ಬಂದದ್ದು ಹತ್ತು ಹತ್ತಕ್ಕೆ, ಹೊರಗೆ ಹೋದದ್ದು ಒಂದು ನಲವತ್ತಕ್ಕೆ. ಮೂರೂವರೆ ಗಂಟೆ. ಹಣ್ಣಿನ ವ್ಯಾಪಾರಿಯ ಹೆಸರೂ ಎರಡು ಸಾಲು ಕೆಳಗಿತ್ತು. ಅದನ್ನು ತೋರಿಸಿದ ಮೇಲೆ ಅವನು ತಲೆ ತಗ್ಗಿಸಿ, "ಹೊಡೆದದ್ದು ನೋಡಿದೆ, ನಂಗೂ ಹೆಂಡ್ತಿ ಮಕ್ಕಳಿದಾರಲ್ಲ ಮೇಡಂ," ಎಂದ.

ನಾಲ್ಕನೇ ದಿನ ನೆನಪಿಲ್ಲಪ್ಪ ಒಬ್ಬನೇ ಬಂದ. ಮಡಿಸಿದ ಎರಡು ಹಾಳೆ ಕೊಟ್ಟ. ಮುತ್ತು ಪೋಣಿಸಿದಂಥ ಅಕ್ಷರ, ಒಂದು ಕಡೆಯೂ ಚಿತ್ತುಕಾಟಿಲ್ಲ. ಬೀಗದವನ ಬೆರಳುಗಳನ್ನು ಮೇಜಿನ ಡ್ರಾಯರಿಗಿಟ್ಟು ಮುಚ್ಚಿದ್ದು ಆಗಿನ ಇನ್‌ಸ್ಪೆಕ್ಟರು. ಮಣಿಕಟ್ಟು ಹಿಡಿದುಕೊಂಡಿದ್ದವನು ತಾನು. ಸಂಜೆ ಪುಟ ತುಂಬಿದವನೂ ತಾನೇ. ನಿಜವಾದ ಹೊತ್ತು ಸಿಗುವುದು ದಿನಚರಿಯಲ್ಲಲ್ಲ, ಕಾವಲಿನ ಪುಸ್ತಕದಲ್ಲಿ ಎಂದೂ ಬರೆದಿದ್ದ. ಕೊನೆಯಲ್ಲಿ ಸಹಿ.

"ಮಗಳಿಗೆ ಗೊತ್ತಾ?" ಎಂದಳು.

"ರಾತ್ರಿ ಓದಿ ಹೇಳಿದೆ. ಆವಾಗಿಂದ ನನ್ನ ಹತ್ರ ಮಾತು ಬಿಟ್ಟಿದಾಳೆ." ಕಿವಿಯ ಹತ್ತಿ ಸರಿಮಾಡಿಕೊಂಡು, "ಎರಡು ವಾರದಿಂದ ಎಲ್ಲರಿಗೂ ಹೇಳ್ತಾ ಇದೀನಿ, ಹೊಡೆದ ಹೊಡೆದ ಅಂತ. ಹೌದಾ, ನಿಜವಾಗ್ಲೂ ಹೊಡೆದ್ನಾ ಅಂತಾರೆ. ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ," ಎಂದ.

ಅವನ ದೂರು ಸಾಬೀತಾಯಿತು. ಹೊಸ ಇನ್‌ಸ್ಪೆಕ್ಟರಿಗೆ ಒಂದು ವರ್ಷ ಬಡ್ತಿ ತಡೆದು ಬೇರೆ ಠಾಣೆಗೆ ಹಾಕಿದರು. ಬೀಗದವನ ಫೈಲು ಮಾತ್ರ ತೆರೆಯಲಿಲ್ಲ. ಮೂರು ವರ್ಷ ದಾಟಿದ್ದನ್ನು ಮತ್ತೆ ಕೆದಕುವ ಹಾಗಿಲ್ಲ, ನಿಯಮವಿದೆ ಎಂದರು ಮೇಲಧಿಕಾರಿ. "ಹಾಳೆ ಫೈಲಿಗೆ ಸೇರಿಸಿ ಇಡಿ. ಬೀಗದವನಿಗೊಂದು ಪ್ರತಿ ಅಂಚೆಗೆ ಹಾಕಿ."

ಅಂಚೆಗೆ ಹಾಕಲು ಅವಳಿಗೆ ಮನಸ್ಸು ಬರಲಿಲ್ಲ. ಶನಿವಾರ ಬಸ್ಸು ಹತ್ತಿ ತಾನೇ ಹೋದಳು.

ಎರಡಾಳು ನಿಲ್ಲುವಷ್ಟು ಅಂಗಡಿ. ಗೋಡೆ ತುಂಬ ಹಲ್ಲು ಕೊರೆಯದ ಕೀಲಿಗಳು. ಯಂತ್ರದ ಮುಂದೆ ಕೂತು ಕೀಲಿ ಕೊರೆಯುತ್ತಿದ್ದವಳು ಬೀಗದವನ ಹೆಂಡತಿ. ಅವನು ಪಕ್ಕದಲ್ಲಿ ಎಡಗೈಯಿಂದ ಬೀಗವೊಂದನ್ನು ಬಿಚ್ಚುತ್ತಿದ್ದ. ಬಂದವಳ ಗುರುತು ಅವನಿಗೆ ಕೂಡಲೇ ಹತ್ತಿತು. "ಕೂತ್ಕೊಳ್ಳಿ ಅಕ್ಕಾ," ಎಂದು ಹೆಂಡತಿ ಸ್ಟೂಲು ಸರಿಸಿದಳು.

ಅವನು ಹಾಳೆಗಳನ್ನು ನಿಧಾನವಾಗಿ ಓದಿದ. ಮತ್ತೆ ಮೊದಲಿನಿಂದ ಓದಿದ. ಹೆಂಡತಿ ಯಂತ್ರ ನಿಲ್ಲಿಸಿದಳು.

"ಅವತ್ತು ನಾನು ಹೇಳಿದ್ದು ನಿಜ ಅಂತ ನಿಮಗೆ ಅನ್ನಿಸಿತ್ತಾ?" ಎಂದು ಕೇಳಿದ.

"ಅನ್ನಿಸಿತ್ತು."

"ಮತ್ತೆ ಯಾಕೆ ಹಾಗೆ ಬರೆದ್ರಿ?"

"ಪುರಾವೆ ಇರಲಿಲ್ಲ."

ಅವನು ಹಾಳೆಯಲ್ಲಿ ಕಾವಲಿನ ಪುಸ್ತಕದ ಮಾತಿದ್ದ ಸಾಲಿನ ಮೇಲೆ ಬೆರಳಿಟ್ಟ. ಆ ಬೆರಳು ನೆಟ್ಟಗಿರಲಿಲ್ಲ. "ಈ ಪುಸ್ತಕ ಅವತ್ತೂ ಇತ್ತಾ?"

ಇರಲಿಲ್ಲ ಎನ್ನಬಹುದಿತ್ತು. ಹಳೆಯ ಪುಸ್ತಕಗಳನ್ನು ಸುಟ್ಟು ವರ್ಷಗಳಾಗಿದ್ದವು, ಯಾರು ನೋಡಲು ಹೋಗುತ್ತಿದ್ದರು?

"ಇತ್ತು. ನಾನು ಕೇಳಲಿಲ್ಲ. ಅದೊಂದು ಇದೆಯಾ ಅಂತಲೂ ನಾನು ತಲೆ ಕೆಡಿಸಿಕೊಂಡಿರಲಿಲ್ಲ."

ಗಿರಾಕಿಯೊಬ್ಬ ಬಂದು ಬಾಗಿಲಲ್ಲಿ ನಿಂತ. ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದು ಹೆಂಡತಿ ಅವನನ್ನು ಕಳಿಸಿದಳು. ಬೀಗದವನು ಹಾಳೆಗಳನ್ನು ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡ. ಇದನ್ನು ಹಿಡಿದು ಕೋರ್ಟಿಗೆ ಹೋಗಬಹುದು ಎಂದು ಅವಳು ಹೇಳಿದಳು. ವಕೀಲರ ವಿಳಾಸ ಬರೆದುಕೊಟ್ಟಳು. ಅವನು ಅದನ್ನೂ ತೆಗೆದುಕೊಂಡು, ಬೀಗದ ಕಡೆ ತಿರುಗಿ ಕೂತ.

"ನೋಡೋಣ. ನೀವಿನ್ನು ಹೊರಡಿ," ಎಂದ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಬೇರೇನೂ ಇರಲಿಲ್ಲ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಚಪ್ಪಲಿ ಬಿಟ್ಟವಳೇ ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟಳು. ಗಂಡ ನೀರು ತಂದುಕೊಟ್ಟ.

"ಏನಂದ?"

"ಏನೂ ಅನ್ಲಿಲ್ಲ ರೀ."

"ಬೈದ್ನಾ?"

"ಬೈದಿದ್ರೆ ಚೆನ್ನಾಗಿರ್ತಿತ್ತು."

ಅವನು ತಮಾಷೆಗೆ ಏನೋ ಹೇಳಹೊರಟು, ಅವಳ ಮುಖ ನೋಡಿ ಪಕ್ಕದಲ್ಲೇ ಕೂತ.

ಸೋಮವಾರ ಅವಳು ಎಂದಿಗಿಂತ ಅರ್ಧ ಗಂಟೆ ಮುಂಚೆ ಕಚೇರಿಗೆ ಹೋದಳು. ಕಪಾಟಿನಿಂದ, ತಾನು 'ಸಾಬೀತಾಗಿಲ್ಲ' ಎಂದು ಬರೆದು ಮುಚ್ಚಿದ್ದ, ಮೂರು ವರ್ಷ ಇನ್ನೂ ದಾಟದ ಫೈಲುಗಳನ್ನು ಇಳಿಸಿ ಮೇಜಿನ ಮೇಲೆ ಪೇರಿಸಿದಳು. ಅರವತ್ತೆರಡಿದ್ದವು. ಮೇಲಿನದನ್ನು ಬಿಚ್ಚಿ, ಯಾವ ಠಾಣೆ, ಯಾವ ತಾರೀಖು ಎಂದು ನೋಡಿಕೊಂಡು, ಕಾವಲಿನ ಪುಸ್ತಕ ಕಳಿಸಿಕೊಡಬೇಕೆಂದು ಮೊದಲ ಪತ್ರ ಬರೆಯತೊಡಗಿದಳು.