ಬೆನ್ನು ತೋರಿಸಿ ಕೂತ ಮಗಳು

೧

ಮೊದಲು ಬರೆದ ಸಾಲು ಇದು: "ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಸಭಾಂಗಣದ ಬಾಗಿಲಲ್ಲಿ ನಲವತ್ತು ಜನ ಅಜ್ಜಿಯರು ಸಾಲುಗಟ್ಟಿ ನಿಂತಿದ್ದರು."

ಸುಳ್ಳು. ಹೊಡೆದು ಹಾಕಿದೆ. ನಲವತ್ತಲ್ಲ, ಮೂವತ್ತೊಂದು. ಅಜ್ಜಿಯರಂತೂ ಒಬ್ಬರೂ ಇರಲಿಲ್ಲ. ಎಲ್ಲರೂ ಅಜ್ಜಿಯ ಪಾತ್ರ ಬೇಕು ಎಂದು ಬಂದವರು.

ಎರಡನೆಯದು: "ಸ್ಯಾನ್ ಆಂಟೋನಿಯೊದ ಪಶ್ಚಿಮ ಭಾಗದಲ್ಲಿ ಜೂನ್ ತಿಂಗಳ ಬಿಸಿಲು..." ಬಿಸಿಲಿನಿಂದ ಕಥೆ ಶುರು ಮಾಡುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ. ಅದೂ ಹೋಯಿತು.

ಮತ್ತೆಲ್ಲಿಂದ? ಬೈಗುಳದಿಂದಲೇ ಆಗಲಿ. ಎರ್ಮಿಲಾ ಬರ್ರಗಾನ್ ಇರುವ ಕಡೆ ಮೊದಲು ಸಿಗುವುದು ಅದೇ.

"ತಲೆಗೆ ಪೌಡರ್ ಸುರ್ಕೊಂಡ್ರೆ ಮುದುಕಿ ಆಗ್ಬಿಡ್ತಾರೇನ್ರೀ? ಹೊರಗೆ ಹೋಗಿ ಕೊಡವ್ಕೊಂಡು ಬನ್ನಿ! ಫ್ಯಾನ್ ಗಾಳಿಗೆ ನಾನು ತಿನ್ತಿರೋ ಟಾಕೊ ಮೇಲೆಲ್ಲಾ ಬೀಳ್ತಿದೆ."

ಬೈಸಿಕೊಂಡವಳು ಮರಿಸೇಲಾ. ಹೂವಿನಂಗಡಿಯವಳು, ನಲವತ್ತೊಂದು ವರ್ಷ. ಬೈದ ಎರ್ಮಿಲಾ ಹೊಸ ಲ್ಯಾಟಿನೊ ನಾಟಕಗಳ ಉತ್ಸವಕ್ಕೆ ನಟರನ್ನು ಆರಿಸುವವಳು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ, ಇದೇ ಬಾಯಿ.

೨

(ಈ ಭಾಗದಲ್ಲಿ ಹಿನ್ನೆಲೆ ಹೇಳಬೇಕು. ಹಿನ್ನೆಲೆ ಎಂದರೆ ಆಕಳಿಸುವವರು ಆಕಳಿಸಿ ಬನ್ನಿ, ಕಾಯುತ್ತೇನೆ.)

ಉತ್ಸವದಲ್ಲಿ ಆರು ನಾಟಕ. ಐದಕ್ಕೆ ನಟರು ಸಿಕ್ಕಿದ್ದರು. ಆರನೆಯದು ಬೆತೊ ತ್ರೆವಿನ್ಯೋ ಬರೆದದ್ದು. ಬೆತೊ ಎಸಿ ರಿಪೇರಿಯವನು. ಐವತ್ತೆಂಟನೇ ವಯಸ್ಸಿಗೆ ಇದು ಅವನ ಮೊದಲ ನಾಟಕ, ಬರೆಯಲು ಹನ್ನೊಂದು ವರ್ಷ ಹಿಡಿದಿತ್ತು. ಎಪ್ಪತ್ತೆರಡು ವರ್ಷದ ತಾಯಿ ಇನ್ನೊಂದು ಮದುವೆಯಾಗುತ್ತೇನೆಂದು ಮಗಳಿಗೆ ಹೇಳುತ್ತಾಳೆ, ಅಷ್ಟೇ ಕಥೆ. ಎರ್ಮಿಲಾ ಅದನ್ನು ಎರಡು ಸಲ ವಾಪಸ್ಸು ಕಳಿಸಿದ್ದಳು. ಮೂರನೇ ಸಲ ಓದಿದಾಗ, ಹಿಂದೆ ಎರಡು ಸಲವೂ ತಾನು ನಾಲ್ಕನೇ ಪುಟ ದಾಟಿರಲಿಲ್ಲ ಎಂಬುದು ನೆನಪಾಗಿ ಕಿವಿ ಬಿಸಿಯಾಗಿತ್ತು. ಅದನ್ನು ಅವಳು ಬೆತೊಗೆ ಹೇಳಿಲ್ಲ. ನಿಮಗೆ ಹೇಳಿದ್ದು ನಾನು, ನೀವೂ ಹೇಳಬೇಡಿ.

ಭಾನುವಾರ ಸಂಜೆ ಐದಕ್ಕೆ ಪಟ್ಟಿ ಅಚ್ಚಿಗೆ ಹೋಗಬೇಕು. ಮಗಳ ಪಾತ್ರಕ್ಕೆ ಯಾರಾದರೂ ಆದಾರು, ಆದರೆ ಅಷ್ಟರೊಳಗೆ ತಾಯಿ ಸಿಗದಿದ್ದರೆ ಬೆತೊನ ನಾಟಕ ಉತ್ಸವದಿಂದ ಹೊರಗೆ.

ಊರಿನಲ್ಲಿ ಎಪ್ಪತ್ತರ ನಟಿಯರು ಇಬ್ಬರೇ. ಒಬ್ಬರಿಗೆ ಮೊಣಕಾಲಿನ ಆಪರೇಷನ್ ಆಗಿದೆ. ಇನ್ನೊಬ್ಬರು ಎರ್ಮಿಲಾಳ ಜೊತೆ ಮಾತು ಬಿಟ್ಟು ಒಂಬತ್ತು ವರ್ಷ. ಹಾಗಾಗಿ ಪೌಡರ್.

ಸಭಾಂಗಣದ ಎಸಿ ಶನಿವಾರವೇ ಕೆಟ್ಟಿತು. ಬೆತೊ ಏಣಿ ಹತ್ತಿದ. ನಾಟಕ ಬರೆದವನು ತಲೆಯ ಮೇಲೆ ಕೂತು ತಿರುಪು ಬಿಚ್ಚುತ್ತಿದ್ದಾನೆ ಎಂಬುದು ಬಂದ ಮೂವತ್ತೊಂದು ಜನರಲ್ಲಿ ಯಾರಿಗೂ ಗೊತ್ತಾಗಲಿಲ್ಲ.

೩

ಆಡಿಷನ್ನಿನಲ್ಲಿ ಎದುರು ಓದುವವರು ಅಂತ ಒಬ್ಬರಿರುತ್ತಾರೆ. ಬಂದವರು ತಾಯಿಯ ಮಾತು ಓದಿದರೆ, ಮಗಳ ಮಾತನ್ನು ಇವರು ಓದಬೇಕು. ಆರಿಸುವವರಿಗೆ ಬೆನ್ನು ಹಾಕಿ ಕೂರಬೇಕು. ನಟಿಸಬಾರದು. ಗೋಡೆಗೆ ಚೆಂಡು ಎಸೆದರೆ ಹೇಗೆ ವಾಪಸ್ಸು ಬರುತ್ತದೋ ಹಾಗೆ ಓದಿದರೆ ಸಾಕು.

ಆ ಕುರ್ಚಿಯಲ್ಲಿ ಕೂತಿದ್ದವಳು ದೊನ್ಯ ಚೆಲೊ. (ದೊನ್ಯ ಎಂದರೆ ನಮ್ಮ 'ಅಮ್ಮಾವ್ರು' ಇದ್ದ ಹಾಗೆ.) ವಯಸ್ಸು ಅರವತ್ತೆಂಟು. ಮೂವತ್ತು ವರ್ಷ ಸ್ಕೂಲ್ ಬಸ್ಸು ಓಡಿಸಿ ನಿವೃತ್ತಿಯಾದವಳು.

ಮರಿಸೇಲಾ ಪೌಡರ್ ಕೊಡವಿಕೊಂಡು ಬಂದು ಓದಿದಳು. "ಕೂತ್ಕೋ. ನಾನು ಮದುವೆ ಆಗ್ತಿದ್ದೀನಿ."

"ಯಾವಾಗ?" ಅಂದಿತು ಬೆನ್ನು.

"ಗುರುವಾರ."

"ಗುರುವಾರ ನಂಗೆ ಹಲ್ಲಿನ ಡಾಕ್ಟ್ರ ಹತ್ರ ಹೋಗೋದಿದೆ."

ಮರಿಸೇಲಾಳ ಕಣ್ಣು ತುಂಬಿತು, ಹಿಂದೆಯೇ ನಗು ಬಂತು. ಎರ್ಮಿಲಾ ಟಿಕ್ ಹಾಕಿದಳು. ಮುಂದಿನವಳಿಗೂ ಟಿಕ್. ಅದರ ಮುಂದಿನವಳಿಗೂ. ಸಂಜೆಯ ಹೊತ್ತಿಗೆ ಮೂವತ್ತೊಂದರಲ್ಲಿ ಇಪ್ಪತ್ತೊಂಬತ್ತು ಟಿಕ್.

"ಬೆತೋ, ಈ ಊರಲ್ಲಿ ಇಷ್ಟು ಜನ ಕಲಾವಿದರಿದ್ದಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೋ!"

"ನಂಗೂ," ಅಂದ ಏಣಿಯ ಮೇಲಿನವನು. ಅವನ ದನಿಯಲ್ಲಿ ಅನುಮಾನವಿತ್ತು. (ಇರಲಿಲ್ಲ. ಇದು ನಾನು ಈಗ ಸೇರಿಸಿದ್ದು. ಆಗ ಅವನೂ ಕುಣಿಯುವಷ್ಟು ಖುಷಿಯಲ್ಲಿದ್ದ. ಏಣಿಯ ಮೇಲಿದ್ದುದರಿಂದ ಕುಣಿಯಲಿಲ್ಲ.)

೪

ಭಾನುವಾರ ದೊನ್ಯ ಚೆಲೊ ಬರಲಿಲ್ಲ. ತಮ್ಮನ ಮೊಮ್ಮಗಳಿಗೆ ದೀಕ್ಷಾಸ್ನಾನ. ಚೆಲೊಳೇ ಧರ್ಮಮಾತೆ. ನಾಟಕಕ್ಕಾಗಿ ಅದನ್ನು ತಪ್ಪಿಸಿದರೆ ಆ ಮನೆಯಲ್ಲಿ ಮುಂದಿನ ಇಪ್ಪತ್ತು ಕ್ರಿಸ್‌ಮಸ್ಸಿಗೆ ಅವಳಿಗೆ ತಟ್ಟೆ ಹಾಕುವುದಿಲ್ಲ.

"ಅದಕ್ಕೇನು, ನಾನೇ ಓದ್ತೀನಿ," ಎಂದು ಎರ್ಮಿಲಾ ಮಗಳ ಕುರ್ಚಿಯಲ್ಲಿ ಕೂತಳು.

ನಿನ್ನೆ ಟಿಕ್ ಬಿದ್ದವರನ್ನೆಲ್ಲ ಮತ್ತೆ ಕರೆಸಿದ್ದರು. ಮೊದಲನೆಯವಳು ಓದಿದಳು. ಸತ್ತ ಮೀನಿನ ಹಾಗಿತ್ತು. ಎರಡನೆಯವಳದು ಮೀನೂ ಅಲ್ಲ, ಬರೀ ತಟ್ಟೆ. ಮಧ್ಯಾಹ್ನದೊಳಗೆ ಎರ್ಮಿಲಾ ಇಪ್ಪತ್ತೆಂಟು ಜನರನ್ನು ಬೈದು, ಬಿಸಿಲನ್ನು ಬೈದು, ಕಾಫಿಯನ್ನು ಬೈದಳು. ಮರಿಸೇಲಾ ಒಬ್ಬಳೇ ಬಾಕಿ. ಮೂಲೆಯಲ್ಲಿ ಕೂತು ತನ್ನ ಸರದಿ ಬರದಿರಲಿ ಎಂದು ಪ್ರಾರ್ಥಿಸುತ್ತಿದ್ದಳು.

"ನಿನ್ನೆ ಇದ್ದೋರೆಲ್ಲಾ ಎಲ್ಲಿ ಹಾಳಾಗಿ ಹೋದ್ರು?" ಎರ್ಮಿಲಾ ಕೂಗಿದಳು.

ಬೆತೊ ಸ್ಕ್ರೂಡ್ರೈವರ್ ಕಿಸೆಗಿಟ್ಟ. "ನಿನ್ನೆ ನಾವು ಮೆಚ್ಚಿದ್ದು ಇವ್ರನ್ನಲ್ಲ ಎರ್ಮಿಲಾ. ಆ ಕುರ್ಚೀನ."

ಎರ್ಮಿಲಾ ತಾನು ಕೂತ ಕುರ್ಚಿಯನ್ನೊಮ್ಮೆ ನೋಡಿ, ನಿಧಾನಕ್ಕೆ ಎದ್ದು ನಿಂತಳು. ಹತ್ತೊಂಬತ್ತು ವರ್ಷದ ಅನುಭವ! ನಿನ್ನೆ ಇಡೀ ದಿನ ಒಂದು ಬೆನ್ನಿಗೆ ಟಿಕ್ ಹಾಕುತ್ತಿದ್ದಳು.

೫

ಈಗ ಕಥೆ ಎಲ್ಲಿಗೆ ಹೋಗುತ್ತದೆ ಎಂದು ನಿಮಗೆ ಗೊತ್ತು, ನನಗೂ ಗೊತ್ತಿತ್ತು. ಚೆಲೊ ಬರುತ್ತಾಳೆ, ತಾಯಿಯ ಪಾತ್ರ ಅವಳಿಗೇ, ಚಪ್ಪಾಳೆ. ಈ ಮುಕ್ತಾಯವನ್ನು ನಾನು ಶನಿವಾರವೇ ಬರೆದಿಟ್ಟಿದ್ದೆ.

ಮೂರೂವರೆಗೆ ಬಂದಳು. ನೇರಳೆ ಬಣ್ಣದ ರೇಷ್ಮೆ ಗೌನು, ಕೈಯಲ್ಲಿ ಬೆಳ್ಳಿ ಕಾಗದ ಮುಚ್ಚಿದ ತಟ್ಟೆಯ ತುಂಬ ಕೇಕು. ಎರ್ಮಿಲಾ ಅವಳನ್ನು ತಾಯಿಯ ಕುರ್ಚಿಗೆ ಎಳೆದುಕೊಂಡು ಹೋಗಿ ಕೂರಿಸಿದಳು. ಚೆಲೊ ಓದಿದಳು.

ಬಸ್ಸಿನ ವೇಳಾಪಟ್ಟಿ ಓದಿದ ಹಾಗೆ ಓದಿದಳು.

"ಏನಮ್ಮಾ ಇದು!" ಎಂದು ನಾನೇ ಕಿರುಚಿದೆ. "ನಿನಗೋಸ್ಕರ ಕಥೆ ಬರೆದಿದ್ದೀನಿ!"

"ನಾನ್ ಕೇಳಿದ್ನಾ?" ಅಂದಳು ಚೆಲೊ. "ಮೂವತ್ತು ವರ್ಷ ಹಿಂದಿನ ಸೀಟಿಂದ ಬಂದ ಮಾತಿಗೆ ಉತ್ತರ ಕೊಟ್ಟೋಳು ನಾನು. ಯಾರಾದ್ರೂ ಮೊದ್ಲು ಮಾತಾಡ್ಬೇಕು. ಆಮೇಲೆ ನಾನು ಬಿಡಲ್ಲ. ಮೊದ್ಲು ಮಾತಾಡು ಅಂದ್ರೆ ನಂಗೆ ಬರಲ್ಲಪ್ಪ. ಕೇಕ್ ತಿನ್ನಿ."

ಎಲ್ಲರೂ ತಿಂದರು. ನನಗೆ ಕೊಡಲಿಲ್ಲ.

೬

ಗಂಟೆ ನಾಲ್ಕು. ತಾಯಿ ಇಲ್ಲ. ಬೇರೆ ಮುಕ್ತಾಯಗಳನ್ನು ಮುಂದಿಟ್ಟೆ.

ಅ) ಎರ್ಮಿಲಾಳೇ ತಾಯಿಯಾಗುತ್ತಾಳೆ. ("ನಾನಾ? ಎಪ್ಪತ್ತೆರಡಾ? ಹಲ್ಲು ಉದುರಿಸ್ತೀನಿ.")

ಆ) ಮಾತು ಬಿಟ್ಟ ನಟಿ ಒಂಬತ್ತು ವರ್ಷದ ಮೇಲೆ ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ. ಅಪ್ಪುಗೆ, ಅಳು. ("ಅವಳು ಒಳಗೆ ಬಂದ್ರೆ ನಾನು ನಿನ್ನ ಕಥೆಯಿಂದ ಆಚೆ.")

ಇ) ನಾಟಕ ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಬೆತೊ ಏಣಿಯನ್ನು ಹೆಗಲಿಗೇರಿಸಿ, ಮುಳುಗುವ ಸೂರ್ಯನ ಕಡೆಗೆ... ("ಅಣ್ಣಾ, ಏಣಿ ಈ ಕಟ್ಟಡದ್ದು. ಹೊತ್ಕೊಂಡು ಹೋದ್ರೆ ನನ್ನ ಕಳ್ಳ ಅಂತಾರೆ.")

ಹೀಗೆ ನಾವು ಜಗಳವಾಡುತ್ತಿದ್ದಾಗ, ನಾನು ಬರೆಯದೆಯೇ ಒಂದು ಕೆಲಸವಾಯಿತು. ಮರಿಸೇಲಾ ಮೂಲೆಯಿಂದ ಎದ್ದು ಬಂದಳು. ಇವತ್ತು ತಲೆಗೆ ಪೌಡರ್ ಇಲ್ಲ, ಕಪ್ಪು ಕೂದಲೇ. ಅವಳು ಖಾಲಿ ಕುರ್ಚಿಯೊಂದನ್ನು ಚೆಲೊಳ ಎದುರು ಎಳೆದುಕೊಂಡು ಕೂತಳು. ಕೇಕು ತಿನ್ನುತ್ತಿದ್ದವಳ ಮುಖ ನೋಡಿ ಅಂದಳು:

"ಕೂತ್ಕೋ. ನಾನು ಮದುವೆ ಆಗ್ತಿದ್ದೀನಿ."

ಚೆಲೊ ಫೋರ್ಕು ಕೆಳಗಿಟ್ಟಳು. "ಯಾವಾಗ?"

ಎರ್ಮಿಲಾ ತನ್ನ ಮೇಜು ಬಿಟ್ಟು, ಸುತ್ತಿ ಬಳಸಿ ಆಚೆ ಬದಿಗೆ ಹೋಗಿ ನಿಂತಳು. ಚೆಲೊ ಮಗಳ ಮಾತು ಓದುವಾಗಿನ ಮುಖವನ್ನು ಅವಳು ನೋಡುತ್ತಿರುವುದು ಇದೇ ಮೊದಲು. ಅಮ್ಮ ಕೈಬಿಟ್ಟು ಹೋಗುತ್ತಾಳೆ ಎಂದು ಹೆದರಿದ ಅರವತ್ತೆಂಟು ವರ್ಷದ ಮಗು ಅಲ್ಲಿ ಕೂತಿತ್ತು. ಎದುರಿಗೆ ನಲವತ್ತೊಂದರ ತಾಯಿ, ಮದುವಣಗಿತ್ತಿಯಂತೆ ಕೆಂಪಾಗಿದ್ದಳು.

"ಇವ್ಳು ಮಗಳು," ಅಂದಳು ಎರ್ಮಿಲಾ ಪಿಸುಮಾತಿನಲ್ಲಿ. "ಅವ್ಳು ತಾಯಿ."

"ಮಗಳಿಗೆ ಮೂವತ್ತು ಅಂತ ಬರ್ದಿದ್ದೀನಿ ಕಣೇ!" ಬೆತೊ ಏಣಿಯ ಮೇಲಿಂದ.

"ಎಲ್ಲಿ ಬರ್ದಿದ್ದೀಯ?"

"ಮೊದಲ್ನೇ ಪುಟ, ಪಾತ್ರಗಳ ಪಟ್ಟೀಲಿ."

"ಯಾರಾದ್ರೂ ಬಾಯಲ್ಲಿ ಹೇಳ್ತಾರಾ?"

ಬೆತೊ ಲೆಕ್ಕ ಹಾಕಿದ. ಹನ್ನೊಂದು ವರ್ಷದ ಎಲ್ಲ ಸಾಲುಗಳನ್ನೂ ಮನಸ್ಸಿನಲ್ಲಿ ತಿರುವಿ ಹಾಕಿದ. "ಇಲ್ಲ."

"ಮುಗೀತಲ್ಲ."

"ಜನ ನಗ್ತಾರೆ ಎರ್ಮಿಲಾ."

"ನಗ್ಲಿ. ನಗ್ತಾ ನಗ್ತಾ ಇದ್ದಕ್ಕಿದ್ದ ಹಾಗೆ ಅಳ್ತಾರೆ, ನೋಡ್ತಿರು. ನಾನು ಎರಡು ಸಲ ನಿನ್ನ ನಾಟಕ ಪೂರ್ತಿ ಓದ್ದೇನೇ ವಾಪಸ್ ಕಳ್ಸಿದ್ದೆ ಕಣೋ. ನನ್ ಮಾತನ್ನ ಈಗ್ಲಾದ್ರೂ ನಂಬು."

ಅದನ್ನು ಕೇಳಿದ ಮೇಲೆ ಯಾರಾದರೂ ನಂಬುತ್ತಾರಾ? ಬೆತೊ ನಂಬಿದ. ಬಿದ್ದು ಬಿದ್ದು ನಕ್ಕ. ಏಣಿ ಅಲ್ಲಾಡಿತು.

ನಾಲ್ಕು ನಲವತ್ತಕ್ಕೆ ಎರ್ಮಿಲಾ ಪಟ್ಟಿಯಲ್ಲಿ ಎರಡು ಹೆಸರು ಬರೆದು, ಫೋಟೊ ತೆಗೆದು ಕಳಿಸಿದಳು. ಬೆತೊನ ನಾಟಕ ಉಳಿಯಿತು.

೭

ಇಲ್ಲಿಗೆ ನಿಲ್ಲಿಸಬೇಕಿತ್ತು. ಬುದ್ಧಿ ಇರುವ ಲೇಖಕ ನಿಲ್ಲಿಸುತ್ತಿದ್ದ.

ಆದರೆ ಅವರಿಬ್ಬರೂ ಇನ್ನೂ ಓದುತ್ತಿದ್ದಾರೆ. ಆಡಿಷನ್ನಿಗೆ ಕೊಡುವುದು ಎರಡೇ ಪುಟ. ಎರಡನೇ ಪುಟದ ಕೊನೆಗೆ ಬಂದಾಗ "ಸಾಕು" ಅನ್ನುವುದು ಎರ್ಮಿಲಾಳ ಕೆಲಸ. ಪುಟ ಮುಗಿಯಿತು, ಅವಳು ಅನ್ನಲಿಲ್ಲ. ಮರಿಸೇಲಾ ಹಾಳೆ ತಿರುವಿದಳು. ಹಿಂದೆ ಖಾಲಿ.

ಚೆಲೊ ಹಾಳೆ ನೋಡಲೇ ಇಲ್ಲ. ತಾಯಿಯ ಮೊಣಕಾಲಿಗೆ ಕೈಯಿಟ್ಟು ಕೇಳಿದಳು: "ಅಮ್ಮಾ, ಅವ್ನು ನಿನ್ನ ನಗಿಸ್ತಾನಾ?"

ಈ ಸಾಲು ನಾಟಕದಲ್ಲಿಲ್ಲ. ಬೆತೊ ಬರೆದಿಲ್ಲ, ದೇವರಾಣೆಗೂ ನಾನೂ ಬರೆದಿಲ್ಲ. ಬೆತೊ ಪೆನ್ಸಿಲ್ಲಿಗಾಗಿ ಕಿಸೆಯೆಲ್ಲ ತಡಕಾಡುತ್ತಿದ್ದಾನೆ, ಕೈಗೆ ಬರೀ ತಿರುಪುಗಳು ಸಿಗುತ್ತಿವೆ. ನಾನು ಗಂಟಲು ಸರಿಮಾಡಿಕೊಂಡು, ಓದುಗರೇ, ಎಂದು ಕೊನೆಯ ಮಾತು ಶುರು ಮಾಡಿದೆ.

ಎರ್ಮಿಲಾ ತಿರುಗಿ ನನ್ನನ್ನು ಸುಡುವ ಹಾಗೆ ನೋಡಿದಳು.

"ಬಾಯ್ಮುಚ್ಕೊಂಡು ಕೂತ್ಕೋ. ಅವ್ಳು ಏನಂತಾಳೆ ಕೇಳೋಣ."

ಮರಿಸೇಲಾ ಉಸಿರೆಳೆದುಕೊಂಡಳು