ಮೂರನೆಯ ಹೆಸರು

ಬೋರಲಿಂಗಯ್ಯ ಮೇಷ್ಟ್ರು ಅಂಕಣದ ಅಂಚಿನಲ್ಲಿ ನಿಂತು ಚಿಟಿಕೆ ಮಣ್ಣನ್ನು ಬೆರಳುಗಳಿಂದ ಉದುರಿಸುತ್ತಿದ್ದರು. ಅದು ವಾಲುವ ದಿಕ್ಕನ್ನು ನೋಡಿ, ಉಣ್ಣೆಯ ಚೆಂಡು ಎತ್ತ ಜಾರೀತೆಂದು ಹೇಳುತ್ತಿದ್ದರು. ಎರಡು ವರ್ಷ ಆ ಮಣ್ಣು ಬೀಳುವುದನ್ನು ನಾನು ಹೊರಗಿನ ಬೆಂಚಿನ ಮೇಲೆ ಕುಳಿತೇ ನೋಡಿದೆ. ನಮ್ಮ ಕಾಲೇಜಿನ ಬಾಲ್ ಬ್ಯಾಡ್ಮಿಂಟನ್ ತಂಡದಲ್ಲಿ ಆಡುವವರು ಐವರು, ನಾನು ಆರನೆಯವನು.

ಪದವಿಯ ಕಡೆಯ ವರ್ಷ ಬಂದಾಗ ನನ್ನ ತಾಳ್ಮೆ ತೀರಿತು. ಹೊಳೆಯಾಚೆಯ ಕಾಲೇಜಿನ ಚಿಕ್ಕೇಗೌಡರು ತಮ್ಮ ತಂಡಕ್ಕೆ ಕರೆದಿದ್ದರು. ಆದರೆ ನಿಯಮ ಕಠಿಣವಾಗಿತ್ತು: ಬಿಟ್ಟುಬಂದ ಕಾಲೇಜು ಆಕ್ಷೇಪಣೆ ಇಲ್ಲವೆಂದು ಬರೆದುಕೊಡದಿದ್ದರೆ ಆಟಗಾರನು ಆ ವರ್ಷವೆಲ್ಲ ಹೊರಗಿರಬೇಕು. ನನಗೆ ಉಳಿದಿದ್ದುದು ಆ ಒಂದೇ ವರ್ಷ.

ಪಂದ್ಯಾವಳಿಯ ಪಟ್ಟಿಯನ್ನು ಮೇಷ್ಟ್ರು ಗುಟ್ಟಾಗಿ ಬರೆದಿಟ್ಟು, ಕಳುಹಿಸುವ ದಿನ ಮೈದಾನದಲ್ಲಿ ಓದುವುದು ವಾಡಿಕೆ. ಆ ವರ್ಷ ಅದು ಬುಧವಾರವೆಂದು ಗೊತ್ತಾಗಿತ್ತು. ನಾನು ಸೋಮವಾರವೇ ಮೇಷ್ಟ್ರ ಬಳಿ ಆ ಪತ್ರ ಕೇಳಿದೆ.

"ಎರಡು ವರ್ಷ ಕೂತಿದ್ದೀಯ. ಇನ್ನೆರಡು ದಿನ ಕೂರೋಕಾಗಲ್ವೇನಯ್ಯ?"

"ಕೂತು ಕೂತು ಬೆಂಚೇ ಸವೆದುಹೋಯ್ತು ಸಾರ್."

ಅವರು ಪೆನ್ನು ತೆಗೆದರು. "ಹೋಗು. ಯಾರನ್ನೂ ಹಗ್ಗ ಹಾಕಿ ಆಡಿಸಿದೋನಲ್ಲ ನಾನು," ಎಂದು ರುಜು ಹಾಕಿದರು. ಮುದ್ರೆಯೊತ್ತಬೇಕಾದ ಗುಮಾಸ್ತರು ಕಾಫಿಗೆ ಹೋಗಿದ್ದರು. ನಾನು ಕಾಯಲಿಲ್ಲ.

ದೈವದ ಕುಚೋದ್ಯವೋ ಏನೋ, ನಮ್ಮ ಮೊದಲ ಪಂದ್ಯ ಹಳೆಯ ಕಾಲೇಜಿನ ಮೇಲೆಯೇ ಬಂದಿತು. ಅಲ್ಲಿನ ನಾಯಕ ಇಸ್ಮಾಯಿಲ್ ದೂರದಿಂದಲೇ ಕೂಗಿದ: "ಏನಪ್ಪಾ ಅಳಿಯಂದಿರು, ಮಾವನ ಮನೆ ಊಟ ಹಿಡಿಸ್ತಾ?"

ನಾನು ಉತ್ತರಿಸುವ ಮೊದಲೇ ಅಂಪೈರು ನನ್ನ ಪತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, "ಮುದ್ರೆ ಎಲ್ಲಪ್ಪಾ?" ಎಂದರು.

ಚಿಕ್ಕೇಗೌಡರು ಬೆವರಿದರು. "ಮುದ್ರೆ ಒತ್ತೋವರೆಗೂ ನಿಲ್ಲೋಕೆ ನಿನ್ನ ಕಾಲಿಗೇನು ಮುಳ್ಳು ಚುಚ್ಚಿತ್ತೇನಯ್ಯ?"

ಅಂಪೈರು ಎದುರು ತಂಡದತ್ತ ತಿರುಗಿದರು. "ಬೋರಲಿಂಗಯ್ಯನೋರೆ, ತಕರಾರಿದ್ರೆ ಈಗಲೇ ಹೇಳಿ. ಹುಡುಗನ್ನ ಹೊರಗೆ ಕೂರಿಸ್ತೀನಿ."

ಮೇಷ್ಟ್ರು ಚಿಟಿಕೆ ಮಣ್ಣು ಉದುರಿಸಿ ಗಾಳಿ ನೋಡುತ್ತಿದ್ದರು. ಇಸ್ಮಾಯಿಲ್ ಅವರ ಕಿವಿಯ ಬಳಿ ಬಾಗಿ, "ಒಂದು ಮಾತು ಸಾರ್, ಅಲ್ಲಿಗೆ ಗೆದ್ದಂಗೇ," ಎಂದುದು ನನಗೂ ಕೇಳಿಸಿತು. 

ಮೇಷ್ಟ್ರು ಕೈ ಕೊಡವಿಕೊಂಡರು. "ನಮ್ಮ ಪಟ್ಟಿ ತೆಗೀರಿ. ಮೂರನೇ ಹೆಸರು ನೋಡ್ರಿ."

ಪಟ್ಟಿ ಬರೆಯಲು ಕಾಲೇಜಿಗೊಂದೇ ಅಚ್ಚಿನ ಹಾಳೆ ಕೊಡುತ್ತಿದ್ದ ಕಾಲವದು. ತಿದ್ದುಪಡಿಯೇನಿದ್ದರೂ ಅದರಲ್ಲೇ ಆಗಬೇಕು. ಅಂಪೈರು ಹಾಳೆಯನ್ನು ಬಿಡಿಸಿದರು. "ಹೊಡೆದು ಹಾಕಿದ್ದೀರಿ. ಪಕ್ಕದಲ್ಲಿ ರುಜು, ಸೋಮವಾರದ ತಾರೀಖು. ನೀವು ಬಿಟ್ಟುಕೊಟ್ಟಿದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆಡಪ್ಪಾ."

ನಾನು ಇಣುಕಿದೆ. ಮೀಸಲು ಆಟಗಾರರ ಸಾಲು ಕೆಳಗಿತ್ತು. ಹೊಡೆದು ಹಾಕಿದ ಹೆಸರು ಇದ್ದುದು ಮೇಲೆ, ಆಡುವ ಐವರ ನಡುವೆ. ಗೆರೆಯ ಅಡಿಯಲ್ಲಿ ಅದನ್ನು ಸಲೀಸಾಗಿ ಓದಬಹುದಾಗಿತ್ತು. ಅದು ನನ್ನ ಹೆಸರು.

ಮೇಷ್ಟ್ರ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ. ಅವರಾಗಲೇ ತಮ್ಮ ತಂಡದ ಹಿಂದಿದ್ದ ಕುರ್ಚಿಗೆ ಮರಳಿದ್ದರು.

ಮೊದಲ ಆಟವನ್ನು ನಾವು ಹೇಗೋ ಗೆದ್ದೆವು. ಬಳಿಕ ಪದ್ಧತಿಯಂತೆ ತಂಡಗಳು ಬದಿ ಬದಲಿಸಿದುವು. ನನ್ನ ಸ್ಥಾನ ಸರಿಯಾಗಿ ಅವರ ಕುರ್ಚಿಯ ಮುಂದೆ ಬಿದ್ದಿತು. ಬೆನ್ನ ಹಿಂದೆ ಅವರ ಉಸಿರು ಕೇಳುವಷ್ಟು ಸಮೀಪ. ಎರಡು ಚೆಂಡುಗಳು ಸತತವಾಗಿ ನನ್ನ ಬ್ಯಾಟನ್ನು ತಪ್ಪಿಸಿ ನೆಲಕ್ಕೆ ಬಿದ್ದುವು. ಇಸ್ಮಾಯಿಲ್ ಮೂರನೆಯದನ್ನು ಹೊಡೆಯಲು ಕೈಯೆತ್ತಿದ.

"ಎಡಗಾಲು ಮುಂದಿಡೋ," ಎಂದಿತು ಹಿಂದಿನ ದನಿ.

ಬಲೆಯಾಚೆ ಇಸ್ಮಾಯಿಲ್ ಕೈ ಇಳಿಸಿಬಿಟ್ಟ. "ಸಾರ್! ಅವನು ಆ ಕಡೆಯೋನು ಸಾರ್!"

 ನಾನು ಎಡಗಾಲು ಮುಂದಿಟ್ಟೆ.